ಅಜ್ಜನ ಕೋವಿ ಕೆಲಸಕ್ಕೆ ಬರುತ್ತದೆಯೇ?

2023ರ ಆಗಸ್ಟ್‌ನಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಂಪನಿ ‘ಪ್ರಬಲ್’ ಎಂಬ ರಿವಾಲ್ವರನ್ನು ನಾಗರಿಕರಿಗಾಗಿ ಬಿಡುಗಡೆ ಮಾಡಿತು. ದೇಶದಲ್ಲೇ ತಯಾರಾದದ್ದು, ಹಗುರವಾದದ್ದು, ಐವತ್ತು ಮೀಟರ್ ದೂರಕ್ಕೆ ಗುರಿ ಮುಟ್ಟುವಂಥದ್ದು, ಆರು ತೋಟಾ ಕೂರುವ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವಂಥದ್ದು ಎಂದು ಹೊಸತನದ ಪಟ್ಟಿ ಬಂತು. ಆದರೆ ಪಕ್ಕಕ್ಕೆ ತೆರೆಯುವ ಸಿಲಿಂಡರನ್ನು ಅಮೆರಿಕದ ಕೋಲ್ಟ್ ಕಂಪನಿ 1889ರಲ್ಲೇ ತಂದಿತ್ತು. ಪ್ರಬಲ್‌ಗೆ ತುಂಬುವ .32 ತೋಟಾ ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ಹೊರತಂದದ್ದು. ನಮ್ಮ ದೇಶದ ಹೊಚ್ಚ ಹೊಸ ಆತ್ಮರಕ್ಷಣೆಯ ಆಯುಧ, ವಿನ್ಯಾಸದ ಲೆಕ್ಕದಲ್ಲಿ ನಮ್ಮ ಮುತ್ತಜ್ಜಂದಿರ ಓರಗೆಯದು.

ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಹಳೆಯ ವಿನ್ಯಾಸದ ಬಂದೂಕು ಇಂದಿಗೂ ಆತ್ಮರಕ್ಷಣೆಗೆ ಆಗುತ್ತದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಹವ್ಯಾಸಿಗಳ ಹರಟೆಯ ವಿಷಯ ಇರಬಹುದು. ಅಲ್ಲಿ ಅಂಗಡಿಗೆ ಹೋಗಿ ಹಳತೋ ಹೊಸತೋ ಬೇಕಾದದ್ದನ್ನು ಆರಿಸಬಹುದು. ನಮ್ಮಲ್ಲಿ ಈ ಪ್ರಶ್ನೆ ಬೇರೆ ದಾರಿಯಿಂದ ಮನೆಗೆ ಬರುತ್ತದೆ. ಕೊಡಗಿನಲ್ಲೋ ಮಲೆನಾಡಿನಲ್ಲೋ ತೋಟದ ಮನೆಯ ಹಿರಿಯರು ತೀರಿಕೊಳ್ಳುತ್ತಾರೆ. ಜೋಡು ನಳಿಗೆಯ ಕೋವಿಯೊಂದು, ಕೆಲವೊಮ್ಮೆ ಹಳೆಯ ರಿವಾಲ್ವರ್ ಒಂದು, ಉಳಿಯುತ್ತದೆ. ಮಗ ಪುಣೆಯಲ್ಲಿ, ಮಗಳು ದೆಹಲಿಯಲ್ಲಿ. ‘ಒಂದು ರಕ್ಷಣೆಗೆ ಇರಲಿ’ ಎಂದು ಯಾರೋ ಹೇಳುತ್ತಾರೆ. ‘ಆ ತುಕ್ಕು ಕಬ್ಬಿಣ ಯಾಕೆ, ಕೊಡುವುದಾದರೆ ಹೊಸದನ್ನೇ ಕೊಳ್ಳಿ’ ಎಂದು ಇನ್ನೊಬ್ಬರು. ಎರಡು ಮಾತೂ ಕೋವಿಯ ವಯಸ್ಸನ್ನೇ ನೋಡುತ್ತವೆ. ನನ್ನ ಪ್ರಕಾರ ನೋಡಬೇಕಾದದ್ದು ಬೇರೆ. ವಿನ್ಯಾಸ ಹಳೆಯದು ಎಂಬುದು ಕೋವಿಯನ್ನು ಬಿಡಲು ಕಾರಣವಲ್ಲ. ಅದು ಈಗಲೂ ಸಿಡಿಯುತ್ತದೆ ಎಂಬುದು ಇಟ್ಟುಕೊಳ್ಳಲು ಕಾರಣವೂ ಅಲ್ಲ.

ಮೊದಲು ಯಂತ್ರದ ಮಾತು. ಬಂದೂಕಿನ ಮೂಲ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಬಹುಪಾಲು ಮುಗಿದುಹೋಗಿತ್ತು. ಹಿತ್ತಾಳೆಯ ಕೊಳವೆಯಲ್ಲಿ ಮದ್ದು, ಗುಂಡು, ಕಿಡಿ ಹೊತ್ತಿಸುವ ಕೇಪು ಮೂರನ್ನೂ ಒಟ್ಟಿಗೆ ಮುಚ್ಚಿಟ್ಟ ತೋಟಾ ಬಂದಮೇಲೆ, ಹೊಗೆಯಿಲ್ಲದ ಮದ್ದು 1880ರ ದಶಕದಲ್ಲಿ ಬಂದಮೇಲೆ, ಉಳಿದದ್ದು ಹೆಚ್ಚಾಗಿ ತಿದ್ದುಪಡಿ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಕಾಣುವ, ಕುದುರೆ ಹೊರಗೆ ಕಾಣದ ಜೋಡು ನಳಿಗೆ ಕೋವಿಗಳ ಬಹುಪಾಲಿನ ಒಳಗೆ ಇರುವುದು ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ ಮಾಡಿದ ಏರ್ಪಾಡು. ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ರೂಪಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡು 1985ರವರೆಗೆ ತನ್ನ ಮುಖ್ಯ ಪಿಸ್ತೂಲಾಗಿ ಇಟ್ಟುಕೊಂಡಿತ್ತು. ಗುಂಡು ಹಾರಿದಾಗ ನಳಿಗೆ ಸ್ವಲ್ಪ ಹಿಂದೆ ಸರಿದು ಓರೆಯಾಗಿ ಬಾಗುವ ಬ್ರೌನಿಂಗ್‌ನ ಉಪಾಯವನ್ನೇ 1980ರ ದಶಕದ ಪ್ಲಾಸ್ಟಿಕ್ ಮೈಯ ಗ್ಲಾಕ್ ಕೂಡ ಬಳಸುತ್ತದೆ. ಹೊಸತು ಎಂದು ಮಾರುವವರೂ ಹಳೆಯ ಬೀಗಕ್ಕೆ ಹೊಸ ಬಾಗಿಲು ಕೂರಿಸಿದವರೇ.

ಹಾಗಾದರೆ ಹೊಸ ವಿನ್ಯಾಸದಿಂದ ಲಾಭವೇನೂ ಇಲ್ಲವೇ? ಇದೆ. ಮೂರು ಕಡೆ ಸ್ಪಷ್ಟವಾಗಿ ಇದೆ. ಹೆಚ್ಚು ಗುಂಡು ಹಿಡಿಯುತ್ತದೆ, ಬೇಗ ತುಂಬಬಹುದು, ಕೈಜಾರಿ ಬಿದ್ದಾಗ ತಾನಾಗಿ ಸಿಡಿಯುವ ಭಯ ಕಡಿಮೆ. ಮೂರನೆಯದು ಮನೆಯವರಿಗೆ ಎಲ್ಲಕ್ಕಿಂತ ಮುಖ್ಯ. ಹಳೆಯ ರಿವಾಲ್ವರುಗಳಲ್ಲಿ ಕುದುರೆಯ ಮೊನೆ ನೇರವಾಗಿ ತೋಟಾದ ಬೆನ್ನಿಗೆ ತಾಗಿಕೊಂಡಿರುತ್ತಿತ್ತು. ಬಿದ್ದರೆ, ಬಡಿದರೆ, ಸಿಡಿಯಬಹುದು. ಅದಕ್ಕೇ 1873ರ ಕೋಲ್ಟ್ ರಿವಾಲ್ವರ್ ಬಳಸುತ್ತಿದ್ದ ಜಾಣರು ಆರು ಮನೆಗಳಲ್ಲಿ ಐದಕ್ಕೆ ಮಾತ್ರ ತೋಟಾ ತುಂಬಿ, ಕುದುರೆಯ ಕೆಳಗಿನದನ್ನು ಖಾಲಿ ಬಿಡುತ್ತಿದ್ದರು. ಅದೇ ಬಗೆಯ ರಿವಾಲ್ವರುಗಳನ್ನು ಮಾಡುತ್ತಿದ್ದ ರೂಗರ್ ಕಂಪನಿ 1973ರಲ್ಲಿ ನಡುವೆ ಒಂದು ಉಕ್ಕಿನ ಪಟ್ಟಿಯನ್ನು ಸೇರಿಸಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಆ ಪಟ್ಟಿ ಮೇಲೇರಿ ಕುದುರೆಯ ಏಟನ್ನು ತೋಟಾಕ್ಕೆ ಮುಟ್ಟಿಸುತ್ತದೆ. ಒಂದು ಸಣ್ಣ ಪಟ್ಟಿ. ಅದರ ಬೆಲೆ ಒಂದು ಜೀವ. ಅಜ್ಜನ ರಿವಾಲ್ವರಿನಲ್ಲಿ ಇಂಥದ್ದೊಂದು ತಡೆ ಇದೆಯೋ ಇಲ್ಲವೋ ಎಂದು ತಿಳಿಯದೆ ತುಂಬಿಡುವುದು ಅವಿವೇಕ.

ಗುಂಡಿನ ಸಂಖ್ಯೆಯ ವಿಷಯಕ್ಕೆ ಬಂದರೆ ಹೊಸತರ ಪರ ವಾದಿಸುವವರು 1986ರ ಏಪ್ರಿಲ್ 11ರ ಮಯಾಮಿ ಘಟನೆಯನ್ನು ಎತ್ತುತ್ತಾರೆ. ಬ್ಯಾಂಕ್ ದರೋಡೆ ಮಾಡುತ್ತಿದ್ದ ಇಬ್ಬರನ್ನು ಹಿಡಿಯಲು ಹೋದ ಎಂಟು ಎಫ್‌ಬಿಐ ಏಜೆಂಟರಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನ ಕೈಯಲ್ಲಿ ತಾನೇ ತುಂಬಿಕೊಳ್ಳುವ ರೈಫಲ್ ಇತ್ತು, ಏಜೆಂಟರಲ್ಲಿ ಹೆಚ್ಚಿನವರ ಬಳಿ ರಿವಾಲ್ವರ್. ಗಾಯಗೊಂಡ ಕೈಯಲ್ಲಿ ರಿವಾಲ್ವರಿಗೆ ಮತ್ತೆ ಗುಂಡು ತುಂಬುವುದು ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. ಅಮೆರಿಕದ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಹೋದ ವೇಗ ಆ ನಂತರ ಹೆಚ್ಚಿತು. ವಾದ ಸರಿ. ಆದರೆ ಕಥೆಯ ಉಳಿದರ್ಧವನ್ನು ಬಿಡಬಾರದು. ಆ ದಿನ ಮೊದಲ ಹಂತದಲ್ಲೇ ದರೋಡೆಕೋರನ ಎದೆ ಹೊಕ್ಕ ಗುಂಡು ಹೊಸ ಬಗೆಯ 9 ಎಂಎಂ ಪಿಸ್ತೂಲಿನದು. ಅದು ಹೃದಯದ ಹತ್ತಿರ ಹೋಗಿ ನಿಂತಿತು, ಅವನು ಕಾದಾಡುತ್ತಲೇ ಇದ್ದ. ಕೊನೆಗೆ ಕಾಳಗ ಮುಗಿಸಿದವರು ಎಡ್ಮುಂಡೊ ಮಿರೆಲೆಸ್ ಎಂಬ ಏಜೆಂಟ್. ಒಂದು ತೋಳು ಛಿದ್ರವಾಗಿತ್ತು. ಇನ್ನೊಂದೇ ಕೈಯಲ್ಲಿ ಪಂಪ್ ಶಾಟ್‌ಗನ್ ಎಳೆದೆಳೆದು ಹಾರಿಸಿ, ಅದು ಖಾಲಿಯಾದಾಗ ತಮ್ಮ ರಿವಾಲ್ವರ್ ತೆಗೆದು ಮುಂದೆ ನಡೆದರು. ಎರಡೂ ಹಳೆಯ ವಿನ್ಯಾಸದ ಆಯುಧಗಳೇ.

ಮುಂಬೈನ ಓದುಗರಿಗೆ ಇದಕ್ಕಿಂತ ಹತ್ತಿರದ ನೆನಪಿದೆ. 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಎಕೆ-47 ಹಿಡಿದ ಇಬ್ಬರ ಎದುರು ರೈಲ್ವೆ ನಿಲ್ದಾಣದ ಕಾವಲಿನವರ ಕೈಯಲ್ಲಿದ್ದದ್ದು .303 ರೈಫಲ್. ಮರುದಿನದಿಂದ ‘ಓಬೀರಾಯನ ಕಾಲದ ರೈಫಲ್’ ಎಂಬ ಮಾತು ದೇಶವಿಡೀ ಓಡಾಡಿತು. ಮೂವತ್ತು ಗುಂಡಿನ ಮ್ಯಾಗಜೀನಿನ ಎದುರು, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕಾದ ರೈಫಲ್ ಹಿಂದೆ ಬೀಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಈ ರೈಫಲ್ಲಿಗೆ ವಿದಾಯ ಹೇಳಿದ್ದು ಸರಿಯಾದ ನಿರ್ಧಾರವೇ. ಆದರೆ ಮೊದಲ ಮಹಾಯುದ್ಧಕ್ಕೆ ಮುನ್ನ ಬ್ರಿಟಿಷ್ ಸೇನೆಯ ಸಿಪಾಯಿಗೆ ಇದೇ ರೈಫಲ್ಲಿನಲ್ಲಿ ಒಂದು ನಿಮಿಷಕ್ಕೆ ಹದಿನೈದು ಗುರಿಯಿಟ್ಟ ಗುಂಡು ಹಾರಿಸುವ ಅಭ್ಯಾಸವಿತ್ತು. ಮುಂಬೈ ದಾಳಿಯ ನಂತರ ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ ಎತ್ತಿ ತೋರಿಸಿದ ಕೊರತೆಗಳಲ್ಲಿ ಅಭ್ಯಾಸಕ್ಕೆ ಬೇಕಾದ ಮದ್ದುಗುಂಡಿನ ಅಭಾವವೂ ಒಂದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಅಭ್ಯಾಸವಿಲ್ಲದ ಕೈಗೆ ಎಕೆ-47 ಕೊಟ್ಟರೂ ಅದು ಬೇಗ ಖಾಲಿಯಾಗುತ್ತದೆ, ಅಷ್ಟೆ.

ಈ ಎರಡು ಘಟನೆಗಳಿಂದ ಮನೆಯ ರಕ್ಷಣೆಗೆ ಪಾಠ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. ಎರಡರಲ್ಲೂ ಎದುರಾಳಿ ಸಾಯಲು ಸಿದ್ಧನಾಗಿ ಬಂದವನು. ಮನೆಗೆ ನುಗ್ಗುವ ಕಳ್ಳ ಅಂಥವನಲ್ಲ. ಅವನು ಬದುಕಲು ಕದಿಯುವವನು. ದೀಪ ಹೊತ್ತಿದರೆ, ನಾಯಿ ಬೊಗಳಿದರೆ, ನಾಲ್ಕು ಜನ ಎದ್ದರೆ ಓಡುವವನು. ಅವನ ಎದುರು ಹದಿನೇಳು ಗುಂಡಿನ ಪಿಸ್ತೂಲೇ ಬೇಕು, ಆರು ಗುಂಡಿನದು ಸಾಲದು ಎಂಬ ವಾದಕ್ಕೆ ಅರ್ಥವಿಲ್ಲ. ಜೋಡು ನಳಿಗೆ ಕೋವಿಗೆ ಎರಡೇ ಈಡು. ಆದರೆ ಅದರಲ್ಲಿ ಎರಡು ನಳಿಗೆಗೂ ಬೇರೆ ಬೇರೆ ಯಂತ್ರ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ನಡು ಮಡಚಿ ತೆರೆದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹೊಸ ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಅದನ್ನು ಮರೆತು ಆದ ಅನಾಹುತಗಳಿಗೆ ಲೆಕ್ಕವಿಲ್ಲ. ಅಪರೂಪಕ್ಕೆ ಮುಟ್ಟುವ ಕೈಗೆ ಹಳೆಯ ಸರಳ ಯಂತ್ರವೇ ಎಷ್ಟೋ ವಾಸಿ.

ಇಲ್ಲಿಯವರೆಗೆ ಹಳೆಯ ವಿನ್ಯಾಸದ ಪರ ಹೇಳಿದೆ. ಈಗ ಹಳೆಯ ಕೋವಿಯ ಮಾತು. ವಿನ್ಯಾಸ ಬೇರೆ, ನಿಮ್ಮ ಮನೆಯ ಅಟ್ಟದಲ್ಲಿರುವ ಆ ಒಂದು ಕೋವಿ ಬೇರೆ. 1875ರ ವಿನ್ಯಾಸದಲ್ಲಿ ಕಳೆದ ವರ್ಷ ತಯಾರಾದ ಕೋವಿ ಹೊಸದೇ. ಅದೇ ವಿನ್ಯಾಸದ, 1910ರಲ್ಲಿ ತಯಾರಾಗಿ ಮಲೆನಾಡಿನ ನೂರು ಮಳೆಗಾಲ ಕಂಡ ಕೋವಿಯನ್ನು ಸುಮ್ಮನೆ ನಂಬುವಂತಿಲ್ಲ. ಸ್ಪ್ರಿಂಗುಗಳು ಸೋಲುತ್ತವೆ. ನಳಿಗೆ ಮತ್ತು ಕಟ್ಟಿನ ನಡುವೆ ಸಂದು ಬಿಡುತ್ತದೆ. ನಳಿಗೆಯ ಒಳಮೈಯಲ್ಲಿ ತುಕ್ಕಿನ ಗುಳಿಗಳೇಳುತ್ತವೆ.

ಎರಡು ಅಪಾಯಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅವು ಹೊರಗೆ ಕಾಣುವುದಿಲ್ಲ. ಒಂದು, ಕೆಲವು ಹಳೆಯ ವಿಲಾಯತಿ ಕೋವಿಗಳ ನಳಿಗೆಯ ಮೇಲೆ ಸೀರೆಯ ಅಂಚಿನಂಥ ಸುರುಳಿ ವಿನ್ಯಾಸ ಕಾಣುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಇದಕ್ಕೆ ಡಮಾಸ್ಕಸ್ ನಳಿಗೆ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಬೆಸುಗೆ ಬಿಟ್ಟು ನಳಿಗೆ ಸೀಳಬಹುದು. ಸೀಳುವುದು ಮುಂಗೈ ಇರುವ ಜಾಗದಲ್ಲೇ. ಎರಡು, ಹಳೆಯ ಬ್ರಿಟಿಷ್ 12 ಬೋರ್ ಕೋವಿಗಳಲ್ಲಿ ತೋಟಾ ಕೂರುವ ಜಾಗ ಸಾಮಾನ್ಯವಾಗಿ ಎರಡೂವರೆ ಇಂಚು. ಇಂದಿನ ತೋಟಾಗಳು ಹೆಚ್ಚಾಗಿ ಎರಡೂಮುಕ್ಕಾಲು ಇಂಚಿನವು. ಮಡಚಿದ ಬಾಯಿಯ ತೋಟಾ ಒಳಗೆ ಸಲೀಸಾಗಿ ಕೂರುತ್ತದೆ, ಆದ್ದರಿಂದ ಸರಿಯಿದೆ ಎನಿಸುತ್ತದೆ. ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಿ ಕಿರಿದಾದ ಜಾಗಕ್ಕೆ ಚಾಚಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಇರುವ ಪರೀಕ್ಷಾಲಯ ಪಾಸು ಮಾಡಿದ ಕೋವಿಗಳ ನಳಿಗೆಯ ಅಡಿಯಲ್ಲಿ ಮುದ್ರೆಗಳಿರುತ್ತವೆ. ಆ ಕೋವಿಯನ್ನು ಯಾವ ಮದ್ದಿಗೆ, ಎಷ್ಟು ಉದ್ದದ ತೋಟಾಕ್ಕೆ ಪರೀಕ್ಷಿಸಲಾಗಿದೆ ಎಂದು ಬಲ್ಲವರು ಅದನ್ನು ನೋಡಿ ಹೇಳುತ್ತಾರೆ. ಅದನ್ನು ಓದಿಸದೆ ಒಂದು ಈಡೂ ಹಾರಿಸಬಾರದು.

ಕೋವಿಗಿಂತ ಮೊದಲು ಮುದಿಯಾಗುವುದು ತೋಟಾ. ಬೀರುವಿನ ಮೂಲೆಯಲ್ಲಿ ಹದಿನೈದು ವರ್ಷ ಕೂತ, ರಟ್ಟು ಉಬ್ಬಿದ ತೋಟಾ ಸಿಡಿಯದೇ ಇರಬಹುದು, ತಡವಾಗಿ ಸಿಡಿಯಬಹುದು. ಹನ್ನೆರಡು ಬೋರಿನವರಿಗೆ ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾ ಸಿಗುತ್ತದೆ, ಆ ಮಟ್ಟಿಗೆ ಅವರು ಪುಣ್ಯವಂತರು. ವಿಲಾಯತಿಯಿಂದ ಬಂದ ಯಾವುದೋ ಅಪರೂಪದ ಬೋರಿನ ಪಿಸ್ತೂಲು ಉಳಿಸಿಕೊಂಡವರಿಗೆ ಅದು ಪೇಪರ್‌ವೇಟ್. ತೋಟಾ ಸಿಗದ ಕೋವಿ ಎಷ್ಟೇ ಚೆನ್ನಾಗಿದ್ದರೂ ಕೋಲಿಗಿಂತ ಕಡೆ, ಏಕೆಂದರೆ ಕೋಲನ್ನು ನಂಬಿ ಯಾರೂ ಮೋಸಹೋಗುವುದಿಲ್ಲ.

ಇನ್ನು, ನಮ್ಮಲ್ಲಿ ಹಳತು ಉಳಿದಿರುವುದು ಹೆಚ್ಚಾಗಿ ನಮ್ಮ ಆಯ್ಕೆಯಿಂದಲ್ಲ, ಕಾನೂನಿನಿಂದ. 9 ಎಂಎಂ, .303 ಮುಂತಾದ ಸೇನೆ-ಪೊಲೀಸರ ತೋಟಾಗಳು ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧ. ಜಗತ್ತಿನ ಹೊಸ ಪಿಸ್ತೂಲುಗಳಲ್ಲಿ ಹೆಚ್ಚಿನವು 9 ಎಂಎಂನವು. ಹೀಗಾಗಿ ನಮ್ಮವರಿಗೆ ಉಳಿಯುವುದು .32, .315, 12 ಬೋರ್. ಸರ್ಕಾರಿ ಕಾರ್ಖಾನೆಯ .315 ರೈಫಲ್ ಲೀ-ಎನ್‌ಫೀಲ್ಡ್‌ನ ಸಂತಾನವೇ. ಬಹುಕಾಲದಿಂದ ಮಾರಾಟವಾಗುತ್ತಿರುವ .32 ರಿವಾಲ್ವರ್ ವೆಬ್ಲಿ ಸ್ಕಾಟ್‌ನ, ನಡು ಮಡಚಿ ತೆರೆಯುವ ಹಳೆಯ ಮಾದರಿಯದು. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಮಹಿಳೆಯರ ರಕ್ಷಣೆಗೆ ಎಂದು ಹೊರತಂದ ‘ನಿರ್ಭೀಕ್’ ಕೂಡ ಅದೇ ವಂಶದ್ದು. ಟೈಟೇನಿಯಂ ಮಿಶ್ರಲೋಹದಿಂದ ಹಗುರ ಮಾಡಿದ್ದರು. ತೂಕ ಸುಮಾರು ಅರ್ಧ ಕಿಲೋ, ಬೆಲೆ ಸುಮಾರು 1.22 ಲಕ್ಷ ರೂಪಾಯಿ.

ನಿರ್ಭೀಕ್ ಬಂದಾಗ ವಿನ್ಯಾಸ ಹಳೆಯದು ಎಂದು ಕೆಲವರು, ಬೆಲೆ ಹೆಚ್ಚು ಎಂದು ಹಲವರು ಟೀಕಿಸಿದರು. ನನಗೆ ಅದರ ದೋಷ ಬೇರೆ ಕಡೆ ಕಾಣುತ್ತದೆ. ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಹೆಣ್ಣಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿ ವರ್ಷ ವರ್ಷವೂ ಹೇಳುತ್ತದೆ. ಮನೆಯೊಳಗಿನವನ, ನೆರೆಯವನ, ಕೆಲಸದ ಜಾಗದವನ ಎದುರು ಕೈಚೀಲದಿಂದ ರಿವಾಲ್ವರ್ ತೆಗೆಯುವ ಗಳಿಗೆ ಯಾವುದು? ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳು ವರ್ಷದ ಸಂಪಾದನೆಯನ್ನು ಅದಕ್ಕೆ ಸುರಿಯುವುದು ಹೇಗೆ? ಇಲ್ಲಿ ತಪ್ಪಿದ್ದು ಯಂತ್ರವಲ್ಲ, ಯಂತ್ರದಿಂದ ಏನಾಗುತ್ತದೆ ಎಂಬ ಕಲ್ಪನೆ. 1887ರ ವೆಬ್ಲಿಯ ಬದಲು 2014ರ ಜರ್ಮನ್ ಪಿಸ್ತೂಲು ಕೊಟ್ಟಿದ್ದರೂ ಈ ಪ್ರಶ್ನೆಗಳು ಹಾಗೇ ಇರುತ್ತಿದ್ದವು.

ಹಾಗಾದರೆ ಹಳೆಯ ಕೋವಿ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಯಾವುದಾದರೂ ಇದೆಯೇ? ಇದೆ, ಮತ್ತು ಅದು ನಮ್ಮದೇ ಸೀಮೆಯಲ್ಲಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ, 1861ರಿಂದ, ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಬೀರುವಿನ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ತೊಳೆದು, ಒರೆಸಿ, ತೋಕ್ ಪೂವನ್ನು ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇತ್ತು. ಸ್ವಾರಸ್ಯವೆಂದರೆ ಈ ಬಳಕೆಗಳಲ್ಲಿ ಯಾವುದೂ ಮನುಷ್ಯರ ಮೇಲೆ ಗುಂಡು ಹಾರಿಸುವುದಲ್ಲ. ಆದರೆ ಇವೆಲ್ಲದರಿಂದ ಮನೆಯವರಿಗೆ ಕೋವಿಯ ಪರಿಚಯ ಇರುತ್ತದೆ. ಯಾವುದು ತುಂಬಿದೆ, ಯಾವುದು ಖಾಲಿ, ಮಕ್ಕಳು ಎಲ್ಲಿ ನಿಲ್ಲಬೇಕು ಎಂಬ ಶಿಸ್ತು ಬಾಯಿಪಾಠದಂತೆ ಬಂದಿರುತ್ತದೆ.

ತೋಟದ ಮನೆಯ ಪರಿಸ್ಥಿತಿಯೂ ಬೇರೆ. ಪಕ್ಕದ ಮನೆ ಕೂಗಳತೆಯ ಆಚೆ. ಪೊಲೀಸ್ ಠಾಣೆ ಇಪ್ಪತ್ತು ಕಿಲೋಮೀಟರ್ ಆಚೆ ಇರಬಹುದು, ಮಳೆಗಾಲದಲ್ಲಿ ದಾರಿಗೆ ಮರ ಬಿದ್ದಿರಬಹುದು. ಗದ್ದೆಗೆ ಆನೆ ಇಳಿದಾಗ, ಅಂಗಳದ ಆಚೆ ಅನುಮಾನದ ಸದ್ದು ಕೇಳಿದಾಗ, ಆಕಾಶಕ್ಕೆ ಹಾರಿಸಿದ ಒಂದು ಈಡು ಎರಡು ಮಾತು ಹೇಳುತ್ತದೆ: ಇಲ್ಲಿ ಜನ ಎದ್ದಿದ್ದಾರೆ, ಅವರ ಬಳಿ ಕೋವಿ ಇದೆ. ಈ ಕೆಲಸಕ್ಕೆ ಒಂಟಿ ನಳಿಗೆಯ ತೋಟಾ ಕೋವಿ ಬೇಕಾದಷ್ಟಾಯಿತು. ನಳಿಗೆಯ ಬಾಯಿಂದ ಮದ್ದು ಗಿಡಿದು ಚರೆ ತುಂಬುವ ಕೇಪಿನ ಕೋವಿಯ ಬಗ್ಗೆ ಮಾತ್ರ ಈ ಮಾತು ಹೇಳಲಾರೆ. ಅದು ಸದ್ದು ಮಾಡೀತು. ಮಳೆಯಲ್ಲಿ ಮದ್ದು ತೇವ ಹಿಡಿದರೆ ಅದನ್ನೂ ಮಾಡಲಾರದು. ಒಂದು ಈಡು ಹಾರಿಸಿದ ಮೇಲೆ ಇನ್ನೊಂದಕ್ಕೆ ಗಜ ಹಾಕಿ ತುಂಬುವಷ್ಟರಲ್ಲಿ ಎದುರಿನದು ಆನೆಯಾಗಲಿ ಕಳ್ಳನಾಗಲಿ ಕಾಯುವುದಿಲ್ಲ. ಹಳೆಯ ವಿನ್ಯಾಸಗಳಿಗೆ ಒಂದು ಗೆರೆ ಎಳೆಯಬೇಕಾದರೆ ನಾನು ಎಳೆಯುವುದು ಅಲ್ಲಿ, ತೋಟಾದ ಆಚೆ-ಈಚೆ.

ಈಗ ಅದೇ ಜೋಡು ನಳಿಗೆಯನ್ನು ಪುಣೆಯ ಏಳನೆಯ ಮಹಡಿಯ ಫ್ಲಾಟಿಗೆ ತಂದುಕೊಳ್ಳಿ. ಗೋಡೆಯಾಚೆ ಇನ್ನೊಬ್ಬರ ಮಗು ಮಲಗಿದೆ. ಬಾಗಿಲ ಹೊರಗೆ ಕಾವಲುಗಾರ, ಕ್ಯಾಮೆರಾ. ಮನೆಯೊಳಗೆ ಅದನ್ನು ಬೀಗ ಹಾಕಿ ಇಡಬೇಕು, ತೋಟಾವನ್ನು ಬೇರೆ ಬೀಗದಲ್ಲಿ ಇಡಬೇಕು. ಇಡದಿದ್ದರೆ ಅದು ಮಕ್ಕಳ ಕೈಗೆ ಸಿಗುತ್ತದೆ. ಇಟ್ಟರೆ ನಡುರಾತ್ರಿ ಎರಡು ಬೀಗ ತೆಗೆದು, ಕನ್ನಡಕ ಹುಡುಕಿ, ತೋಟಾ ತುಂಬುವ ಹೊತ್ತಿಗೆ ನಡೆಯಬೇಕಾದದ್ದು ನಡೆದಿರುತ್ತದೆ. ಅಭ್ಯಾಸಕ್ಕೆ ಹೋಗಲು ಶೂಟಿಂಗ್ ರೇಂಜ್ ಹತ್ತಿರದಲ್ಲಿಲ್ಲ. ಇದ್ದರೂ ವರ್ಷಕ್ಕೆ ಎಷ್ಟು ತೋಟಾ ಎಂದು ಪರವಾನಗಿ ಪುಸ್ತಕದಲ್ಲಿ ಬರೆದಿರುತ್ತದೆ. ಚುನಾವಣೆ ಘೋಷಣೆಯಾದರೆ ಹಲವು ಕಡೆ ಕೋವಿಯನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಒಪ್ಪಿಸಬೇಕು. ಊರಿನ ತೋಟದಲ್ಲೂ ಬೆಳೆ ಕಾಯುವವರ ದೂರು ಇದೇ. ಫ್ಲಾಟಿನಲ್ಲಂತೂ ಕೋವಿ ಠಾಣೆಯಲ್ಲಿದ್ದ ತಿಂಗಳುಗಳಲ್ಲಿ ಮನೆಗೆ ಏನು ಕಡಿಮೆಯಾಯಿತು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಕಡಿಮೆಯಾಗುವುದು ಒಂದಿದೆ, ಅದನ್ನು ಹೇಳದೆ ಈ ವಿಷಯ ಮುಗಿಸಲಾಗದು. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ನೋಡಿತು. ಕೈಬಂದೂಕು ಹೊಂದಿದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚಿತ್ತು. ಅದು ಬೇರೆ ದೇಶದ ಲೆಕ್ಕ ನಿಜ. ಆದರೆ ಮನಸ್ಸು ಕುಸಿದ ಒಂದು ರಾತ್ರಿಗೆ ದೇಶದ ಗಡಿಯಿಲ್ಲ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ, ಸಾಲ ಏರಿದ ಮನೆಗಳಲ್ಲಿ, ಗೋಡೆಯ ಮೇಲಿನ ಕೋವಿ ಯಾರ ಕಡೆ ತಿರುಗೀತು ಎಂಬ ಆತಂಕ ಮಲೆನಾಡಿನ ಹೆಂಗಸರಿಗೆ ಗೊತ್ತು. ಇಲ್ಲಿ ಹಳೆಯ ಕೋವಿ, ಹೊಸ ಕೋವಿ ಎಂಬ ಭೇದವೇ ಇಲ್ಲ. ಕಳ್ಳನ ಎದುರು ಒಂದು ಈಡು ಸಾಲದು ಎಂದು ವಾದಿಸುವವರು, ಇದಕ್ಕೆ ಒಂದೇ ಈಡು ಸಾಕು ಎಂಬುದನ್ನು ಮರೆಯಬಾರದು.

ಕಾನೂನಿನ ಮಾತನ್ನೂ ಸೇರಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಜೀವಭಯವಿದ್ದಾಗ, ರಾತ್ರಿ ಮನೆ ಒಡೆದು ನುಗ್ಗಿದಾಗ, ಎದುರಾಳಿಯ ಸಾವಿನವರೆಗೂ ಆ ಹಕ್ಕು ಹೋಗಬಹುದು. ಆದರೆ 37ನೆಯ ಕಲಮು ಗೆರೆ ಎಳೆಯುತ್ತದೆ: ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಓಡುತ್ತಿರುವ ಕಳ್ಳನ ಬೆನ್ನಿಗೆ ಚರೆ ಹಾರಿಸಿದವರು ನ್ಯಾಯಾಲಯದಲ್ಲಿ ಕೋವಿಯ ಮಾದರಿ ಹೇಳಿ ಪಾರಾಗಲಾರರು.

ಹೀಗಾಗಿ, ಅಜ್ಜನ ಕೋವಿ ಕೈಗೆ ಬಂದವರಿಗೆ ನನ್ನ ಸಲಹೆ ಇಷ್ಟು. ಮೊದಲು ಕಾಗದ. ಪರವಾನಗಿದಾರರು ತೀರಿಕೊಂಡಮೇಲೆ ಕೋವಿ ಸುಮ್ಮನೆ ಮನೆಯಲ್ಲಿದ್ದರೂ ಅಕ್ರಮವಾಗುತ್ತದೆ. ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ ಅರ್ಜಿ ಹಾಕಬೇಕು. ಹಿರಿಯರು ಇರುವಾಗಲೇ, ಅವರಿಗೆ ಎಪ್ಪತ್ತು ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು ಇಪ್ಪತ್ತೈದು ವರ್ಷವಾಗಿದ್ದರೆ, ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ, ವಂಶಪಾರಂಪರ್ಯದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಪರವಾನಗಿ ಯಾವ ಜಿಲ್ಲೆಗೆ, ಯಾವ ರಾಜ್ಯಕ್ಕೆ ಎಂದು ನೋಡದೆ ಕಾರಿನ ಡಿಕ್ಕಿಯಲ್ಲಿಟ್ಟು ಹೊರಟುಬಿಡಬಾರದು.

ಆಮೇಲೆ ಕೋವಿಯನ್ನು ಬಲ್ಲ ಕುಶಲಕರ್ಮಿಗೆ ತೋರಿಸಿ. ನಂತರ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಇದನ್ನು ತಿಂಗಳಿಗೊಮ್ಮೆಯಾದರೂ ತೆಗೆದು ಒರೆಸುವವರು, ವರ್ಷಕ್ಕೊಮ್ಮೆಯಾದರೂ ಕಾನೂನಿನೊಳಗೆ ಹಾರಿಸುವವರು ಈ ಮನೆಯಲ್ಲಿ ಇದ್ದಾರೆಯೇ? ಊರಿನ ತೋಟದಲ್ಲೇ ಉಳಿದ ತಮ್ಮನೋ ಚಿಕ್ಕಪ್ಪನೋ ಇದ್ದರೆ ಕೋವಿ ಅವರಿಗೆ ಹೋಗಲಿ. ಅದರ ಜಾಗ ಅದು. ಯಾರೂ ಇಲ್ಲದಿದ್ದರೆ ಅಂಗಡಿಗೆ ಮಾರಿ, ಇಲ್ಲವೇ ಸರ್ಕಾರಕ್ಕೆ ಒಪ್ಪಿಸಿ. ನೆನಪಿಗೆ ಬೇಕೇ ಬೇಕೆಂದರೆ, ಎಂದೂ ಸಿಡಿಯದಂತೆ ನಿಷ್ಕ್ರಿಯಗೊಳಿಸಲು ನಿಯಮದಲ್ಲಿ ದಾರಿಯಿದೆ. ಅದರಿಂದ ಅಜ್ಜನಿಗೆ ಅವಮಾನವಾಗುವುದಿಲ್ಲ. ಅಜ್ಜ ಕೋವಿಯನ್ನು ಬಳಸಲು ಬಲ್ಲವರಾಗಿದ್ದರು. ಬಳಸಲು ಬಾರದವರ ಬೀರುವಿನಲ್ಲಿ ಅದನ್ನು ತುಂಬಿಡುವುದೇ ಅವರ ಶಿಸ್ತಿಗೆ ಅವಮಾನ.

ಹಳೆಯ ವಿನ್ಯಾಸಕ್ಕೆ ವಯಸ್ಸಾಗಿಲ್ಲ ಎಂದು ನಾನು ಒಪ್ಪುತ್ತೇನೆ. ವಯಸ್ಸಾಗುವುದು ಸ್ಪ್ರಿಂಗಿಗೆ, ತೋಟಾಕ್ಕೆ, ಮತ್ತು ಕೈಯ ಅಭ್ಯಾಸಕ್ಕೆ. ಮೊದಲ ಎರಡನ್ನು ದುಡ್ಡು ಕೊಟ್ಟು ಹೊಸದು ಮಾಡಿಸಬಹುದು. ಮೂರನೆಯದಕ್ಕೆ ಆ ಜಾಗದಲ್ಲಿ, ಆ ಬದುಕಿನಲ್ಲಿ ಇರಬೇಕು. ನಗರದಲ್ಲಿ ನೆಲೆ ನಿಂತ ನಮ್ಮಲ್ಲಿ ಹೆಚ್ಚಿನವರು ಅಲ್ಲಿಲ್ಲ. ಅಷ್ಟನ್ನು ಒಪ್ಪಿಕೊಂಡರೆ, ಬಾಗಿಲಿಗೆ ಒಂದು ಗಟ್ಟಿ ಚಿಲಕ, ನೆರೆಯವರ ಫೋನ್ ನಂಬರು, 112ಕ್ಕೆ ಕರೆ ಮಾಡುವ ಅಭ್ಯಾಸ, ಇವು ಮೂರೂ ಯಾವ ಕಾಲದ ಕೋವಿಗಿಂತಲೂ ಹೆಚ್ಚು ಪ್ರಾಯೋಗಿಕ ಎಂಬುದು ತಾನಾಗಿ ಕಾಣುತ್ತದೆ.